ಕಂಬ ನಲವತ್ತೊಂದು

ಅಮದಳ್ಳಿ ತಿರುವಿಗೆ ದೀಪ ಬೇಕೆಂದು
ಏಳು ಸಲ ಅರ್ಜಿ ಕೊಟ್ಟಿದ್ದರು.
ಎಂಟನೆಯದನ್ನು ತಂದವನು
ಮಗನನ್ನು ಅದೇ ತಿರುವಿನಲ್ಲಿ ಲಾರಿಗೆ ಕೊಟ್ಟವನು;
ಕಾಗದ ಮೇಜಿನ ಮೇಲಿಟ್ಟು, ಕೂರದೆ ಹೋದ.
ನಾಗರಪಂಚಮಿಯ ಮರುದಿನ, ಜಿಟಿಜಿಟಿ ಮಳೆಯಲ್ಲಿ,
ನಲವತ್ತೊಂದನೇ ಕಂಬ ಹತ್ತಿ ದೀಪ ಕಟ್ಟಿದವನು ನಾನು,
ಲೈನ್‌ಮನ್ ಪುಂಡಲೀಕ ಕಲ್ಗುಟಕರ.
ಬಿಳಿ ಬೆಳಕು. ಡಾಂಬರಿನ ಮೇಲೆ ಇರುವೆಯ ಕಾಲೂ ಕಾಣುವಷ್ಟು.
ಅವತ್ತು ಊರೇ ನನಗೆ ಚಾ ಕುಡಿಸಿತು.

ದೀಪಾವಳಿಗೆ ನಾಲ್ಕು ದಿನವಿರುವಾಗ
ಹೊನ್ನಿ ಗೌಡ್ತಿ ಕಚೇರಿಯ ಮೆಟ್ಟಿಲು ಹತ್ತಿದಳು.
ಕೊರಳ ತುಂಬ ಮಣಿಸರ,
ಕೈಯಲ್ಲಿ ಬೇರುಸಮೇತ ಕಿತ್ತ ಸೇವಂತಿಗೆ ಗಿಡ.
ಸೊಂಟದೆತ್ತರ. ಎಲೆಯ ಮೇಲೆ ಎಲೆ. ಮೊಗ್ಗೆಂಬುದಿಲ್ಲ.
‘ಹಬ್ಬಕ್ಕೆ ಮೂರು ಬುಟ್ಟಿ ಹೂ ಕಾರವಾರಕ್ಕೆ ಹೊರೂದು ನಾನು.
ಈ ವರ್ಷ ಸೊಪ್ಪು ಹೊರಲಾ?
ನಿಮ್ ದೀಪ ಇದಕ್ಕೆ ಮರುಳು ಹಿಡಿಸಿದೆ.’

ಸಾಹೇಬರು ನಕ್ಕರು. ನಾನೂ ನಕ್ಕೆ, ಸ್ವಲ್ಪ.
ಬೆಳಕು ಹೆಚ್ಚಾಯಿತೆಂಬ ದೂರಿಗೆ
ನಮ್ಮ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.
ಕರೆಂಟು ಹೋಯಿತೆಂದು ಇಪ್ಪತ್ತೆಂಟು ವರ್ಷ
ಬೈಸಿಕೊಂಡ ಕಿವಿ ನನ್ನದು.

ಸಂಜೆ ಹೋಗಿ ನೋಡಿದೆ.
ರಸ್ತೆಯ ಕೆಳಗೆ ಅವಳ ಆರು ಗುಂಟೆ, ಪೂರಾ ಹಸಿರು.
ಬಾವಿಕಟ್ಟೆಯ ಆಚೆ ಮಾತ್ರ
ಓರೆಯಾಗಿ, ಪಂಜಿ ಹಾಸಿದ ಹಾಗೆ,
ಒಂದು ಪಟ್ಟಿ ಹಳದಿ.
ಅಲ್ಲಿಗೇನು ಬೇರೆ ಗೊಬ್ಬರ ಹಾಕಿದೆಯಾ ಎಂದರೆ
ಇಲ್ಲವೆಂದಳು.

ಆರೂಮುಕ್ಕಾಲಿಗೆ ದೀಪ ಹತ್ತಿತು.
ಕಟ್ಟೆಯ ನೆರಳು ಎದ್ದು, ಮೈಮುರಿದು,
ನೇರ ಹೋಗಿ ಆ ಹಳದಿಯ ಮೇಲೆ ಮಲಗಿತು,
ಅಳತೆ ಕೊಟ್ಟು ಹೊಲಿಸಿದಂತೆ, ಅಂಚಿಗೆ ಅಂಚು.
ಕಟ್ಟೆಯ ಮೇಲೆ ಬೋರಲಿಟ್ಟ ಒಡಕು ಕೊಡವೊಂದಿತ್ತು;
ಅದರ ನೆರಳಿನ ಪಾಲಿಗೂ ಎರಡು ಹೂ.

ಹೊನ್ನಿ ಬಾಯಿಗೆ ಸೆರಗು ಒತ್ತಿಕೊಂಡಳು.
‘ಅತ್ತೆ ಹೇಳ್ತಿದ್ಲು, ಹಂದಿ ಕಾಯೂಕೆ ಹೋಗೂವಾಗ
ಸೇವಂತಿಗೆ ಮುಖಕ್ಕೆ ಲಾಟೀನು ಹಿಡೀಬೇಡ ಅಂತ.
ಮುದುಕಿ ಮಾತು ಅಂದ್ಕಂಡಿದ್ದೆ.’

ನಾವು ಎಣಿಸುವುದು ಹಗಲನ್ನು.
ಈ ಗಿಡ ಎಣಿಸುವುದು ಇರುಳನ್ನು,
ಒಂದೇ ಉಸಿರಿನಲ್ಲಿ, ಹೊತ್ತು ಮುಳುಗಿದಲ್ಲಿಂದ ಕೋಳಿ ಕೂಗುವ ತನಕ.
ನಡುವೆ ಯಾರೋ ಬೆಳಕು ಹಿಡಿದರೆ ಲೆಕ್ಕ ತಪ್ಪಿತು,
ಮತ್ತೆ ಒಂದರಿಂದ.
ನನ್ನ ದೀಪದ ಕೆಳಗೆ ಎಲೆಗಳಿಗೆ ಅದಿನ್ನೂ ಜ್ಯೇಷ್ಠ ಮಾಸ.
ಹಸ್ತ, ಚಿತ್ತೆ, ಸ್ವಾತಿ ಮಳೆ
ಬಂದು ಹೋದದ್ದನ್ನು ಅವಕ್ಕೆ ಯಾರೂ ಹೇಳಿರಲಿಲ್ಲ.

ಆರಿಸುವ ಹಾಗಿಲ್ಲ.
ಲಾರಿಗೆ ಮಗನನ್ನು ಕೊಟ್ಟವನು
ನಸುಕಿನಲ್ಲಿ ಹಾಲಿನ ಕ್ಯಾನು ಹಿಡಿದು
ಇನ್ನೂ ಅಲ್ಲೇ ರಸ್ತೆ ದಾಟುತ್ತಾನೆ.
ಹಬ್ಬ ಕಳೆದ ಭಾನುವಾರ ಡಾಂಬರು ಡಬ್ಬಿಯೊಂದನ್ನು ಸೀಳಿ,
ತಗಡು ಬಗ್ಗಿಸಿ, ಕಂಬ ಹತ್ತಿ
ಹೊಲದ ಕಡೆಗೆ ತಂತಿಯಲ್ಲಿ ಬಿಗಿದೆ.
ಯಾವ ಆರ್ಡರಿನಲ್ಲೂ ಇಲ್ಲದ ಕೆಲಸ.
ಕೆಳಗಿಳಿದು ನೋಡಿದರೆ
ರಸ್ತೆಯ ಬಿಳಿ ಗೆರೆಗೆ ಸರಿಯಾಗಿ ಬೆಳಕು ನಿಂತಿತ್ತು.
ಆಚೆ ಕಾರ್ತಿಕದ ಕತ್ತಲೆ, ಪೂರ್ತಿ.

ಮೊಗ್ಗು ಮಾರ್ಗಶಿರದಲ್ಲಿ. ಹೂ ಪುಷ್ಯದಲ್ಲಿ,
ದರ ಬಿದ್ದ ಮೇಲೆ.
ಮಾರಿದಷ್ಟು ಮಾರಿ, ಉಳಿದ ಬುಟ್ಟಿಯನ್ನು
ನಮ್ಮ ಕಚೇರಿಯ ಬಾಗಿಲಿಗೆ ತಂದಿಟ್ಟು ಕೇಳಿದಳು:
‘ಕತ್ತಲೆಗೆ ಬಿಲ್ಲು ಎಷ್ಟಾಯ್ತು?’
ಸಾಹೇಬರು ಈ ಸಲ ನಗಲಿಲ್ಲ. ಫ್ಯಾನಿನ ಕಡೆ ನೋಡಿದರು.

ರಾತ್ರಿ ಪಾಳಿ ಮುಗಿಸಿ ಬಿಣಗಾದಿಂದ ಬರುವಾಗ
ಆ ತಿರುವಿನಲ್ಲಿ ಬೈಕು ಆರಿಸಿ ತಳ್ಳುತ್ತೇನೆ.
ಕಾಣುವುದೇನೂ ಇಲ್ಲ, ಬರೀ ಸೇವಂತಿಗೆಯ ಕಹಿ ವಾಸನೆ,
ದೂರದಲ್ಲಿ ಕಡಲು.
ಒಮ್ಮೆ ಕೀಲಿಕೈ ಬಿದ್ದು ಹೋಯಿತು.
ಹುಡುಕಲು ಟಾರ್ಚು ಒತ್ತಿ, ತಟ್ಟನೆ ನೆನಪಾಗಿ
ಅಂಗೈ ಮುಚ್ಚಿದೆ.
ಬೆರಳ ಸಂದಿಯಲ್ಲಿ ನನ್ನದೇ ರಕ್ತ
ಕೆಂಪಗೆ ಉರಿಯುತ್ತಿತ್ತು.
ಅದನ್ನೂ ಆರಿಸಿದೆ.
ಮಂಡಿಯೂರಿ ತಡಕಾಡುತ್ತ ಹೋದೆ,
ಹುಲ್ಲು, ಕಲ್ಲು, ಒದ್ದೆ ಮಣ್ಣು.